ಗಂಟು ಬಿಡಿಸುವ ಪ್ರೋಟೀನುಗಳೂ ನಮ್ಮ ತರಗತಿಯ ಮಕ್ಕಳೂ

ವ್ಯಾಕರಣ, ಛಂದಸ್ಸು, ಅಲಂಕಾರಗಳನ್ನು ಗುರುಮುಖದಿಂದ ಕಲಿತು, ಅವುಗಳನ್ನೇ ಮಕ್ಕಳಿಗೆ ಹೇಳಿಕೊಡುತ್ತ ಬಂದ ಕನ್ನಡ ಪಂಡಿತನೊಬ್ಬನು ಜೀವಕೋಶದೊಳಗಿನ ಪ್ರೋಟೀನುಗಳನ್ನು ಕುರಿತು ಬರೆಯಹೊರಟರೆ ವಾಚಕ ಮಹಾಶಯರಿಗೆ ಸೋಜಿಗವೆನಿಸುವುದು ಸಹಜ. ವಿಜ್ಞಾನವನ್ನು ವಿಜ್ಞಾನಿಗಳಿಗೆ ಬಿಟ್ಟು ಈತನು ತನ್ನ ಸಂಧಿಸಮಾಸಗಳೊಡನೆ ಇರಬಾರದೆ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ಅನ್ಯಾಯದ್ದಲ್ಲ. ನನ್ನ ಉತ್ತರವಿಷ್ಟೆ: ಪ್ರಯೋಗಶಾಲೆಯಲ್ಲಿ ಹುಟ್ಟಿದ ಈ ವಿಷಯವು ನಮ್ಮ ತರಗತಿಯ ಹಿಂದಿನ ಸಾಲಿನಲ್ಲಿ ಮೌನವಾಗಿ ಕುಳಿತಿರುವ ಮಗುವಿನವರೆಗೂ, ಆ ಮಗುವಿನ ತಾಯಿ ಕೇಳಬೇಕಾಗಿ ಬರುವ ಕಟುವಚನಗಳವರೆಗೂ ಬಂದು ಮುಟ್ಟುತ್ತದೆ. ಅಲ್ಲಿಗೆ ಬಂದಮೇಲೆ ಅದು ಉಪಾಧ್ಯಾಯರೆಲ್ಲರ ವಿಷಯವಾಯಿತು. ಅದನ್ನು ತಿಳಿಗನ್ನಡದಲ್ಲಿ ಹೇಳುವುದು ಕನ್ನಡ ಪಂಡಿತನ ಹೊಣೆಯೂ ಆಯಿತು.

ಸಂತತಿಯಿಂದ ಸಂತತಿಗೆ ಗುಣಗಳನ್ನು ಸಾಗಿಸುವ ಡಿಎನ್‌ಎಯನ್ನು ಒಂದು ಗ್ರಂಥಕ್ಕೆ ಹೋಲಿಸುವುದು ವಾಡಿಕೆ. ೧೯೫೩ರಲ್ಲಿ ವಾಟ್ಸನ್ ಮತ್ತು ಕ್ರಿಕ್ ಎಂಬ ವಿದ್ವಾಂಸರು ಅದರ ಎರಡೆಳೆಯ ಸುರುಳಿಯ ರೂಪವನ್ನು ಲೋಕಕ್ಕೆ ತಿಳಿಸಿದಂದಿನಿಂದ ಈ ಹೋಲಿಕೆ ಪಠ್ಯಪುಸ್ತಕಗಳಲ್ಲಿ ನೆಲೆನಿಂತಿದೆ. ನಮ್ಮ ಜನರಿಗಂತೂ ಇದು ಬೇಗ ಹಿಡಿಸಿತು; ಏಕೆಂದರೆ ‘ಹಣೆಬರಹ’ ಎಂಬ ಮಾತು ನಮ್ಮಲ್ಲಿ ಮೊದಲೇ ಇತ್ತು. ಹಣೆಯಲ್ಲಿದ್ದ ಬರಹ ಈಗ ಕೋಶದೊಳಕ್ಕೆ ಹೋಯಿತೆಂದು ಭಾವಿಸಿದರೆ ಸಾಕಾಯಿತು. ಆದರೆ ಗ್ರಂಥವಿದ್ದ ಮಾತ್ರಕ್ಕೆ ಅರ್ಥವಾಗುವುದುಂಟೆ? ಓದುವವನು ಬೇಕು, ಅದಕ್ಕೂ ಮೊದಲು ಕಟ್ಟು ಬಿಚ್ಚುವವನು ಬೇಕು. ಜೀವಕೋಶದಲ್ಲಿ ಹೀಗೆ ಕಟ್ಟು ಬಿಚ್ಚುವ ಕೆಲಸ ಮಾಡುವ ಪ್ರೋಟೀನುಗಳಲ್ಲಿ ಒಂದು ಬಗೆಯವೇ ಆರ್‌ಎನ್‌ಎ ಹೆಲಿಕೇಸುಗಳು.

ಡಿಎನ್‌ಎಯಲ್ಲಿರುವ ಬರಹವನ್ನು ನಕಲು ಮಾಡಿ, ಕೋಶದಲ್ಲಿ ಪ್ರೋಟೀನು ತಯಾರಾಗುವ ಸ್ಥಳಕ್ಕೆ ಒಯ್ಯುವುದು ಆರ್‌ಎನ್‌ಎಯ ಕೆಲಸಗಳಲ್ಲಿ ಒಂದು. ಇಂತಹ ದೂತ ಆರ್‌ಎನ್‌ಎ ಇದೆಯೆಂಬುದು ೧೯೬೧ರಲ್ಲಿ ಖಚಿತವಾಯಿತು. ಇದರ ಅಕ್ಷರಗಳು ನಾಲ್ಕೇ: ಎ, ಯು, ಜಿ, ಸಿ. ಡಿಎನ್‌ಎಗೆ ಎರಡು ಎಳೆಗಳಿದ್ದರೆ ಆರ್‌ಎನ್‌ಎಗೆ ಸಾಮಾನ್ಯವಾಗಿ ಒಂದೇ ಎಳೆ. ಜೊತೆಯಿಲ್ಲದ ಈ ಎಳೆ ತನ್ನಲ್ಲೇ ಜೊತೆಯನ್ನು ಹುಡುಕುತ್ತದೆ. ಒಂದು ಕಡೆಯ ಎ ಇನ್ನೊಂದು ಕಡೆಯ ಯುವಿನೊಡನೆ, ಜಿ ಸಿಯೊಡನೆ, ಒಮ್ಮೊಮ್ಮೆ ಜಿ ಯುವಿನೊಡನೆ ಸೇರಿಕೊಳ್ಳುತ್ತದೆ. ಎಳೆ ಮಡಚಿಕೊಳ್ಳುತ್ತದೆ, ಕುಣಿಕೆಯಾಗುತ್ತದೆ, ಗಂಟಾಗುತ್ತದೆ.

ಈ ಮಡಿಕೆಯೆಲ್ಲ ಕೆಡುಕೆಂದು ತಿಳಿಯಬಾರದು. ಅಮೈನೋ ಆಮ್ಲಗಳನ್ನು ಹೊತ್ತು ತರುವ ವಾಹಕ ಆರ್‌ಎನ್‌ಎಗಳು ಸರಿಯಾಗಿ ಮಡಚಿಕೊಂಡರೆ ಮಾತ್ರ ತಮ್ಮ ಕೆಲಸ ಮಾಡಬಲ್ಲವು. ಅಂತಹದೊಂದರ ಅಕ್ಷರಕ್ರಮವನ್ನು ೧೯೬೫ರಲ್ಲಿ ಮೊದಲು ಬಿಡಿಸಿ ಹೇಳಿದವರು ರಾಬರ್ಟ್ ಹಾಲಿ. ಅವರೊಡನೆ ೧೯೬೮ರ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡ ಇಬ್ಬರಲ್ಲಿ ಒಬ್ಬರು ಮಾರ್ಷಲ್ ನಿರೆನ್‌ಬರ್ಗ್, ಮತ್ತೊಬ್ಬರು ಅಂದಿನ ಪಂಜಾಬಿನ ರಾಯಪುರವೆಂಬ ಹಳ್ಳಿಯಲ್ಲಿ ಹುಟ್ಟಿದ ಹರ್‌ಗೋಬಿಂದ ಖೊರಾನಾ. ಆದುದರಿಂದ ಮಡಿಕೆ ಬೇಕು. ಆದರೆ ಬೇಡವಾದೆಡೆ ಬಿದ್ದ ಮಡಿಕೆ ಬಿಚ್ಚಬೇಕು. ತಪ್ಪಾಗಿ ಬಿದ್ದ ಗಂಟು ಮತ್ತೆ ಸರಿಯಾಗಿ ಬೀಳುವಂತೆ ಸಡಿಲವಾಗಬೇಕು.

ನನ್ನ ಕಸುಬಿನಿಂದ ಒಂದು ದೃಷ್ಟಾಂತ ಕೊಡುತ್ತೇನೆ. ನಮ್ಮ ತಾಳೆಯೋಲೆಯ ಗ್ರಂಥಗಳಲ್ಲಿ ಪದಪದಗಳ ನಡುವೆ ತೆರಪಿರುವುದಿಲ್ಲ. ಓದುವವನು ಪದಚ್ಛೇದ ಮಾಡಿಕೊಳ್ಳಬೇಕು. ‘ಬೆಟ್ಟದಾವರೆ’ ಎಂಬ ಮಾತನ್ನು ಬೆಟ್ಟ ಮತ್ತು ತಾವರೆ ಎಂದು ಬಿಡಿಸಿದರೆ ಆದೇಶಸಂಧಿಯ ನಿಯಮವೂ ಉಳಿಯಿತು, ಕವಿಯ ಹೂವೂ ಉಳಿಯಿತು. ಅವಸರದ ವಿದ್ಯಾರ್ಥಿ ‘ಬೆಟ್ಟದ ಅವರೆ’ ಎಂದು ಬಿಡಿಸುತ್ತಾನೆ; ತಾವರೆ ಹೋಗಿ ಅವರೆಕಾಯಿ ಬರುತ್ತದೆ. ಓಲೆಯಲ್ಲಿ ಅಕ್ಷರವೊಂದೂ ಕೆಟ್ಟಿಲ್ಲ, ಬಿಡಿಸುವಲ್ಲಿ ಕೆಟ್ಟಿತು. ಇನ್ನು ಬಿಡಿಸುವವನೇ ಇಲ್ಲದಿದ್ದರೆ ಓಲೆಯ ಕಟ್ಟು ಗೂಡಿನಲ್ಲೇ ಉಳಿಯುತ್ತದೆ. ಜೀವಕೋಶದಲ್ಲಿಯೂ ಈ ಎರಡು ಬಗೆಯ ಅನರ್ಥಗಳು ಆಗಬಲ್ಲವು.

ಹೆಲಿಕೇಸ್ ಎಂಬ ಹೆಸರು ಸುರುಳಿ ಎಂಬ ಅರ್ಥದ ಗ್ರೀಕ್ ಮಾತಿನಿಂದ ಬಂದುದು. ಆರ್‌ಎನ್‌ಎಯ ಹೆಲಿಕೇಸುಗಳಲ್ಲಿ ಬಹು ದೊಡ್ಡ ಕುಲವೊಂದಕ್ಕೆ ೧೯೮೯ರಲ್ಲಿ ವಿಚಿತ್ರವಾದ ಹೆಸರು ಬಿದ್ದಿತು. ಈ ಕುಲದ ಪ್ರೋಟೀನುಗಳಲ್ಲೆಲ್ಲ ನಾಲ್ಕು ಅಮೈನೋ ಆಮ್ಲಗಳು ಒಂದೇ ಕ್ರಮದಲ್ಲಿ ಬರುತ್ತವೆ: ಆಸ್ಪಾರ್ಟಿಕ್ ಆಮ್ಲ, ಗ್ಲುಟಾಮಿಕ್ ಆಮ್ಲ, ಅಲನಿನ್, ಮತ್ತೆ ಆಸ್ಪಾರ್ಟಿಕ್ ಆಮ್ಲ. ಇವುಗಳ ಸಂಕೇತಾಕ್ಷರಗಳಾದ ಡಿ, ಇ, ಎ, ಡಿ ಸೇರಿ ಇಂಗ್ಲಿಷಿನಲ್ಲಿ ‘ಡೆಡ್’ ಎಂದಾಗುತ್ತದೆ. ಸತ್ತದ್ದು ಎಂದು ಅದರರ್ಥ. ಜೀವವನ್ನು ನಡೆಸುವ ಕುಲಕ್ಕೆ ಸಾವಿನ ಹೆಸರು! ಆಯುಷ್ಯ ಗಟ್ಟಿಯಾಗಲೆಂದು ಮಗುವಿಗೆ ಗುಂಡ, ತಿಪ್ಪ ಎಂದು ಹೆಸರಿಡುವ ನಾಡಿನವರಿಗೆ ಇದು ತೀರ ಹೊಸತೆನಿಸಲಾರದು. ಮನುಷ್ಯನ ದೇಹದಲ್ಲಿ ಈ ಕುಲದ ಸದಸ್ಯರು ಸುಮಾರು ೩೭.

ಇವು ಕೆಲಸ ಮಾಡುವ ರೀತಿ ಮನೋಹರವಾದುದು. ಈ ಪ್ರೋಟೀನಿನ ನಡುಭಾಗ ಎರಡು ಅಂಗೈಗಳಂತಿರುತ್ತದೆ. ನಡುವೆ ಒಂದು ಸಡಿಲವಾದ ಕೊಂಡಿ. ಎಟಿಪಿ ಎಂಬ ಶಕ್ತಿಯ ಅಣುವೂ ಆರ್‌ಎನ್‌ಎಯ ಎಳೆಯೂ ಬಂದು ಸೇರಿದೊಡನೆ ಅಂಗೈಗಳೆರಡೂ ಮುಚ್ಚಿಕೊಳ್ಳುತ್ತವೆ. ಮುಚ್ಚಿಕೊಳ್ಳುವಾಗ ಒಂದು ಎಳೆಯನ್ನು ಹಿಡಿದು ಬಾಗಿಸುತ್ತವೆ. ಬಾಗಿದ ಎಳೆಗೆ ತನ್ನ ಜೊತೆಯೆಳೆಯನ್ನು ಹಿಡಿದುಕೊಂಡಿರಲು ಸಾಧ್ಯವಾಗದೆ ಆ ಜಾಗದಲ್ಲಿ ಗಂಟು ಬಿಡುತ್ತದೆ. ಬಳಿಕ ಎಟಿಪಿ ಒಡೆಯುತ್ತದೆ, ಅಂಗೈಗಳು ತೆರೆಯುತ್ತವೆ, ಪ್ರೋಟೀನು ಎಳೆಯನ್ನು ಬಿಟ್ಟು ಮುಂದಿನ ಕೆಲಸಕ್ಕೆ ಸಿದ್ಧವಾಗುತ್ತದೆ. ಡೆಡ್ ಕುಲದವು ಹೀಗೆ ಚಿಕ್ಕ ಚಿಕ್ಕ ಗಂಟುಗಳನ್ನು ಇದ್ದಲ್ಲಿಯೇ ಬಿಡಿಸುತ್ತವೆ. ಇವುಗಳ ದಾಯಾದಿಗಳಾದ ಬೇರೆ ಕುಲದ ಹೆಲಿಕೇಸುಗಳು ಎಳೆಯ ಮೇಲೆ ಹೆಜ್ಜೆಯಿಡುತ್ತ ಸಾಗಿ ಬಿಡಿಸುವುದೂ ಉಂಟು.

ಇವುಗಳ ಕಾರ್ಯಕ್ಷೇತ್ರ ವಿಶಾಲವಾದುದು. ೧೯೭೭ರಲ್ಲಿ ಒಂದು ಅಚ್ಚರಿಯ ಸಂಗತಿ ಹೊರಬಿದ್ದಿತು. ಆರ್‌ಎನ್‌ಎಯ ಮೊದಲ ನಕಲಿನಲ್ಲಿ ಅರ್ಥವುಳ್ಳ ಭಾಗಗಳ ನಡುವೆ ತೆಗೆದುಹಾಕಬೇಕಾದ ಭಾಗಗಳೂ ಇರುತ್ತವೆಂದು ರಿಚರ್ಡ್ ರಾಬರ್ಟ್ಸ್ ಮತ್ತು ಫಿಲಿಪ್ ಶಾರ್ಪ್ ಕಂಡುಕೊಂಡರು. ೧೯೯೩ರಲ್ಲಿ ಅವರಿಗೆ ನೊಬೆಲ್ ಮನ್ನಣೆ ದೊರೆಯಿತು. ಬೇಡದ ಭಾಗವನ್ನು ಕತ್ತರಿಸಿ ಬೇಕಾದುದನ್ನು ಜೋಡಿಸುವ ಈ ಪರಿಷ್ಕರಣ ಕಾರ್ಯದಲ್ಲಿ, ಯೀಸ್ಟಿನಿಂದ ಮನುಷ್ಯನವರೆಗೆ ಸಮಾನವಾಗಿರುವ ಎಂಟು ಹೆಲಿಕೇಸುಗಳು ಒಂದಾದಮೇಲೊಂದು ಬಂದು ತಮ್ಮ ತಮ್ಮ ಸರದಿಯ ಗಂಟನ್ನು ಬಿಡಿಸುತ್ತವೆ. ಪರಿಷ್ಕೃತವಾದ ಪ್ರತಿ ಕೋಶಕೇಂದ್ರದಿಂದ ಹೊರಬರುವಾಗಲೂ ಹೆಲಿಕೇಸು ಬೇಕು. ರೈಬೋಸೋಮ್ ಎಂಬ ಯಂತ್ರವು ಅದನ್ನು ಓದಿ ಪ್ರೋಟೀನು ಕಟ್ಟತೊಡಗುವ ಮುನ್ನ, ಆರಂಭದ ಸಾಲಿನಲ್ಲಿ ಬಿದ್ದಿರುವ ಮಡಿಕೆಯನ್ನು ಬಿಡಿಸಲು ಇಐಎಫ್-೪ಎ ಎಂಬ ಹೆಲಿಕೇಸು ಬೇಕು. ಆ ರೈಬೋಸೋಮಿನ ನಿರ್ಮಾಣಕ್ಕೂ ಹೆಲಿಕೇಸುಗಳ ನೆರವು ಬೇಕು. ಕೆಲಸ ಮುಗಿದ ಪ್ರತಿಯನ್ನು ವಿಲೇವಾರಿ ಮಾಡುವಲ್ಲಿಯೂ ಇವು ಭಾಗಿಗಳು.

ಇವುಗಳ ಬಳಗದಲ್ಲಿಯೇ ಕಾವಲುಗಾರರೂ ಇದ್ದಾರೆ. ಅನೇಕ ವೈರಾಣುಗಳು ಕೋಶವನ್ನು ಹೊಕ್ಕಾಗ ಎರಡೆಳೆಯ ಆರ್‌ಎನ್‌ಎ ಕಾಣಿಸಿಕೊಳ್ಳುತ್ತದೆ. ರಿಗ್-ಐ ಎಂಬ ಪ್ರೋಟೀನು ಅದನ್ನು ಗುರುತಿಸಿ ಕೂಗು ಹಾಕುತ್ತದೆಂದು ಜಪಾನಿನ ವಿಜ್ಞಾನಿಗಳು ೨೦೦೪ರಲ್ಲಿ ತೋರಿಸಿದರು. ಆ ಕೂಗಿನ ಫಲವಾಗಿ ಇಂಟರ್‌ಫೆರಾನ್ ಎಂಬ ರಕ್ಷಕ ವಸ್ತು ಹುಟ್ಟುತ್ತದೆ. ಇದರ ಸೋದರನಾದ ಎಂಡಿಎ-೫ ಎಂಬ ಕಾವಲುಗಾರನು ಕಾರಣವಿಲ್ಲದೆ ಕೂಗತೊಡಗಿದರೆ ಅನಾಹುತ. ಅದರ ಜೀನಿನ ಕೆಲವು ದೋಷಗಳಿಂದ ಎಳೆಯ ಮಕ್ಕಳ ಮಿದುಳನ್ನು ಬಾಧಿಸುವ ಐಕಾರ್ಡಿ–ಗೂಟಿಯೇರ್ ಎಂಬ ಬೇನೆ ಬರುತ್ತದೆಂದು ೨೦೧೪ರಲ್ಲಿ ತಿಳಿಯಿತು. ಇತ್ತ ವೈರಾಣುಗಳೂ ಸುಮ್ಮನಿಲ್ಲ. ಯಕೃತ್ತಿನ ಉರಿಯೂತ ತರುವ ಹೆಪಟೈಟಿಸ್-ಸಿ ವೈರಾಣುವಿಗೂ, ೨೦೨೦ರಲ್ಲಿ ನಮ್ಮ ಶಾಲೆಗಳನ್ನೆಲ್ಲ ಮುಚ್ಚಿಸಿದ ಕೊರೋನಾ ವೈರಾಣುವಿಗೂ ಸ್ವಂತ ಹೆಲಿಕೇಸುಗಳಿವೆ. ಏಡ್ಸ್ ರೋಗದ ವೈರಾಣು ತನ್ನದೆಂಬುದಿಲ್ಲದೆ, ಮನುಷ್ಯಕೋಶದ ಡಿಡಿಎಕ್ಸ್-೩ ಎಂಬ ಹೆಲಿಕೇಸನ್ನೇ ದುಡಿಸಿಕೊಂಡು ತನ್ನ ಆರ್‌ಎನ್‌ಎಯನ್ನು ಕೋಶಕೇಂದ್ರದಿಂದ ಹೊರಸಾಗಿಸುತ್ತದೆ.

ಬಿಡಿಸುವವನಲ್ಲೇ ದೋಷವುಂಟಾದರೆ ಏನಾಗುತ್ತದೆ? ಹಿಂದೆ ಹೇಳಿದ ಎಂಟರಲ್ಲಿ ಒಂದಾದ ಬಿಆರ್‌ಆರ್-೨ ಎಂಬುದರ ಮಾನವರೂಪದಲ್ಲಿ ದೋಷವಿದ್ದರೆ, ಇರುಳುಗುರುಡಿನಿಂದ ತೊಡಗಿ ದೃಷ್ಟಿ ಕುಗ್ಗುತ್ತ ಹೋಗುವ ಅಕ್ಷಿಪಟಲದ ರೋಗ ಬರಬಲ್ಲದೆಂದು ೨೦೦೯ರಲ್ಲಿ ಗೊತ್ತಾಯಿತು. ಆ ಪ್ರೋಟೀನು ದೇಹದ ಎಲ್ಲೆಡೆಯೂ ಬೇಕಾದುದು. ಬೇನೆ ತೋರುವುದು ಮಾತ್ರ ಕಣ್ಣಿನಲ್ಲಿ. ಡಿಡಿಎಕ್ಸ್-೪೧ ಎಂಬುದರ ಜೀನಿನಲ್ಲಿ ಹುಟ್ಟಿನಿಂದ ಬಂದ ದೋಷವಿದ್ದವರಿಗೆ ದೊಡ್ಡ ವಯಸ್ಸಿನಲ್ಲಿ ರಕ್ತದ ಕ್ಯಾನ್ಸರ್ ಬರುವ ಸಂಭವ ಹೆಚ್ಚೆಂಬುದು ೨೦೧೫ರ ಶೋಧ. ಅದೇ ೨೦೧೫ರಲ್ಲಿ ಪ್ರಕಟವಾದ ಮತ್ತೊಂದು ಶೋಧವೇ ಈ ಲೇಖನಕ್ಕೆ ಪ್ರೇರಣೆ.

ಏಡ್ಸ್ ವೈರಾಣು ದುಡಿಸಿಕೊಳ್ಳುವುದೆಂದು ಹೇಳಿದೆನಲ್ಲ, ಆ ಡಿಡಿಎಕ್ಸ್-೩ನ್ನು ರೂಪಿಸುವ ಜೀನು ಎಕ್ಸ್ ವರ್ಣತಂತುವಿನಲ್ಲಿದೆ. ಆದುದರಿಂದ ಅದಕ್ಕೆ ಡಿಡಿಎಕ್ಸ್-೩ಎಕ್ಸ್ ಎಂದು ಹೆಸರು. ಬುದ್ಧಿಯ ಬೆಳವಣಿಗೆ ಕುಂಠಿತವಾದ, ಕಾರಣ ತಿಳಿಯದೆ ಉಳಿದಿದ್ದ ಹೆಣ್ಣುಮಕ್ಕಳನ್ನು ಪರೀಕ್ಷಿಸಿದಾಗ ನೂರಕ್ಕೆ ಒಬ್ಬರಿಂದ ಮೂವರಲ್ಲಿ ಈ ಜೀನಿನ ದೋಷವಿರಬಹುದೆಂದು ಕಂಡುಬಂದಿತು. ಗಂಡುಮಕ್ಕಳಲ್ಲಿ ಇದು ಕಡಿಮೆ. ಇಂತಹ ಮಗು ತಡವಾಗಿ ನಡೆಯುತ್ತದೆ, ತಡವಾಗಿ ಮಾತನಾಡುತ್ತದೆ. ಕೆಲವರಿಗೆ ಮಾತು ಬರುವುದೇ ಇಲ್ಲ. ಸ್ನಾಯುಗಳು ಸಡಿಲವಾಗಿರುವುದು, ಮೂರ್ಛೆ ಬರುವುದು, ಜನರೊಡನೆ ಬೆರೆಯಲು ತೊಡಕಾಗುವುದು ಕೆಲವರಲ್ಲಿ ಉಂಟು. ಗರ್ಭದಲ್ಲಿ ಮಿದುಳು ರೂಪುಗೊಳ್ಳುವಾಗ ಎಷ್ಟೋ ಆರ್‌ಎನ್‌ಎಗಳನ್ನು ಬಿಡಿಸಿ ಓದಿಸಬೇಕಾಗಿದ್ದ ಪ್ರೋಟೀನು ಸರಿಯಿಲ್ಲದುದರ ಪರಿಣಾಮವಿದು. ಒಂದು ಜೀನಿನ ಒಂದೇ ಅಕ್ಷರ ಬದಲಾಗಿ, ಬೇರೆ ಅನೇಕ ಪುಟಗಳ ಓದು ಕೆಟ್ಟಿತು.

ಉಪಾಧ್ಯಾಯ ಬಂಧುಗಳು ವಿಶೇಷವಾಗಿ ಲಕ್ಷ್ಯವಿಡಬೇಕಾದ ಸಂಗತಿ ಇನ್ನು ಮುಂದಿನದು. ಈ ದೋಷದ ಬಹುಪಾಲು ಪ್ರಕರಣಗಳಲ್ಲಿ ಅದು ತಂದೆಯಲ್ಲಿಯೂ ಇಲ್ಲ, ತಾಯಿಯಲ್ಲಿಯೂ ಇಲ್ಲ. ಮಗುವಿನಲ್ಲಿ ಹೊಸದಾಗಿ ಹುಟ್ಟಿದುದು. ಓಲೆಯನ್ನು ಪ್ರತಿ ಮಾಡುವ ಲಿಪಿಕಾರನ ಕೈ ಎಲ್ಲೋ ಒಂದೆಡೆ ಜಾರುವಂತೆ, ಅಂಡಾಣು ಅಥವಾ ವೀರ್ಯಾಣು ರೂಪುಗೊಳ್ಳುವಾಗಲೋ, ಭ್ರೂಣದ ಆರಂಭದ ದಿನಗಳಲ್ಲೋ ಒಂದಕ್ಷರ ತಪ್ಪುತ್ತದೆ. ಯಾರೂ ತಪ್ಪಿಸಿದುದಲ್ಲ, ಯಾರೂ ತಡೆಯಬಹುದಾಗಿದ್ದುದೂ ಅಲ್ಲ.

ಆದರೆ ನಮ್ಮ ಸಮಾಜದಲ್ಲಿ ಇಂತಹ ಮಗುವಿನ ತಾಯಿ ಕೇಳುವುದೇನು? ಗ್ರಹಣದ ದಿನ ಅಂಗಳಕ್ಕೆ ಬಂದಿದ್ದಳೆಂದು ಒಬ್ಬರು. ಅವಳ ತವರಿನ ರಕ್ತವೇ ಹಾಗೆಂದು ಇನ್ನೊಬ್ಬರು. ಯಾವ ಜನ್ಮದ ಪಾಪವೋ ಎಂದು ಮತ್ತೊಬ್ಬರು. ಮನೆಯಲ್ಲಿ ಈ ಮಾತು, ಶಾಲೆಗೆ ಬಂದರೆ ‘ದಡ್ಡಿ’ ಎಂಬ ಬಿರುದು. ಕೆಲವು ಕಡೆ ಹೆಂಡತಿಯನ್ನು ತವರಿಗೆ ಅಟ್ಟುವುದಕ್ಕೂ ಇದೇ ನೆಪ. ಇವೆಲ್ಲವೂ ಅಸತ್ಯವೆಂದು ವಿಜ್ಞಾನ ಸಾರುತ್ತಿರುವಾಗ, ಆ ಸತ್ಯ ಆಂಗ್ಲಭಾಷೆಯ ಪತ್ರಿಕೆಗಳಲ್ಲಿಯೇ ಉಳಿದು ಆ ತಾಯಿಯ ಕಿವಿಗೆ ಬೀಳದಿದ್ದರೆ, ಅದಕ್ಕೆ ಅಕ್ಷರಸ್ಥರಾದ ನಾವು ಹೊಣೆಗಾರರಲ್ಲವೆ? “ತಾಯಿ, ಇದು ನಿಮ್ಮಿಂದ ಆದುದಲ್ಲ, ನಿಮ್ಮ ಯಜಮಾನರಿಂದಲೂ ಆದುದಲ್ಲ” ಎಂದು ಒಬ್ಬ ಉಪಾಧ್ಯಾಯರು ತಿಳಿದು ಹೇಳುವ ಮಾತಿಗೆ ಹಳ್ಳಿಯಲ್ಲಿ ಇಂದಿಗೂ ತೂಕವುಂಟು. ತಾಯಿಯಿಂದಲೇ ದೋಷ ಇಳಿದು ಬಂದಿರುವ ಕೆಲವು ಪ್ರಸಂಗಗಳಲ್ಲಿಯೂ ಆಕೆಯನ್ನು ದೂಷಿಸಲು ನ್ಯಾಯವಿಲ್ಲ. ತನ್ನ ಜೀನಿನ ಅಕ್ಷರಗಳನ್ನು ಯಾರು ತಾನೆ ಆರಿಸಿಕೊಂಡು ಹುಟ್ಟುತ್ತಾರೆ?

ಇಲ್ಲಿ ಕೆಲವು ಆಕ್ಷೇಪಗಳು ಬರಬಹುದು. ಮೊದಲನೆಯದು: ಗುಣಪಡಿಸುವ ಮದ್ದಿಲ್ಲದಮೇಲೆ ಕಾರಣ ತಿಳಿದು ಫಲವೇನು? ಈ ದೋಷವನ್ನೇ ಅಳಿಸುವ ಔಷಧ ಇಂದಿಗೆ ಇಲ್ಲವೆಂಬುದು ದಿಟ. ಆದರೂ ಕಾರಣ ತಿಳಿದರೆ ಮೂರ್ಛೆಯಂತಹ ತೊಡಕುಗಳನ್ನು ವೈದ್ಯರು ಮೊದಲೇ ಗಮನಿಸಬಲ್ಲರು. ಮಾತಿನ ತರಬೇತಿಯನ್ನೂ ಅಂಗಸಾಧನೆಯನ್ನೂ ಎಳೆಯ ವಯಸ್ಸಿನಲ್ಲಿಯೇ ತೊಡಗಿಸಬಹುದು. ಮಾತು ಬಾರದ ಮಗುವಿಗೆ ಚಿತ್ರಗಳ ಮೂಲಕ ತನ್ನ ಬೇಕುಬೇಡಗಳನ್ನು ತಿಳಿಸಲು ಕಲಿಸಬಹುದು. ದೋಷ ಹೊಸದಾಗಿ ಹುಟ್ಟಿದುದಾದರೆ ಮುಂದಿನ ಮಗುವಿಗೆ ಅದು ಬರುವ ಸಂಭವ ತೀರ ಕಡಿಮೆಯೆಂದು ದಂಪತಿಗಳಿಗೆ ಹೇಳಬಹುದು. ಎಲ್ಲಕ್ಕಿಂತ ಮಿಗಿಲಾಗಿ ಮನೆಯೊಳಗಿನ ಆಪಾದನೆ ನಿಲ್ಲುತ್ತದೆ. ಇಷ್ಟನ್ನೂ ಫಲವಲ್ಲವೆನ್ನುವವರು ಅಂತಹ ಮನೆಯನ್ನು ಕಂಡವರಲ್ಲ. ಒಂದು ಎಚ್ಚರಿಕೆಯನ್ನೂ ಹೇಳಬೇಕು. ಕಲಿಕೆಯಲ್ಲಿ ಹಿಂದುಳಿದ ಮಕ್ಕಳೆಲ್ಲರಿಗೂ ಈ ದೋಷವಿದೆಯೆಂದು ಭಾವಿಸಬಾರದು. ಕಿವಿ ಕೇಳಿಸದಿರುವುದು, ಕಣ್ಣು ಕಾಣಿಸದಿರುವುದು, ಹಸಿವು ಇವೂ ಕಾರಣಗಳೇ. ನಿರ್ಣಯ ಮಾಡತಕ್ಕವರು ವೈದ್ಯರು. ನಮ್ಮ ಕೆಲಸ ಗಮನಿಸುವುದು, ವೈದ್ಯರಲ್ಲಿಗೆ ಕಳುಹಿಸುವುದು, ಬೈಯದಿರುವುದು.

ಎರಡನೆಯ ಆಕ್ಷೇಪ: ಇಂತಹ ಸೂಕ್ಷ್ಮ ವಿಷಯಗಳು ಕನ್ನಡಕ್ಕೆ ಒಗ್ಗುವುದಿಲ್ಲ. ಒಗ್ಗದಿರಲು ಕಾರಣವೇನೆಂದು ನಾನು ಕೇಳುತ್ತೇನೆ. ಹೆಲಿಕೇಸ್, ಎಟಿಪಿ ಮುಂತಾದ ಹೆಸರುಗಳನ್ನು ಇದ್ದಂತೆಯೇ ಇಟ್ಟುಕೊಳ್ಳೋಣ. ಅವುಗಳಿಗೆ ಬಾಯಿಗೆ ಬಾರದ ಸಂಸ್ಕೃತ ಪದಗಳನ್ನು ಹೊಸೆಯುವ ಚಪಲ ಬೇಡವೆಂದು ಪಂಡಿತನಾದ ನಾನೇ ಹೇಳುತ್ತೇನೆ. ಆದರೆ ಎಳೆ, ಮಡಿಕೆ, ಗಂಟು, ಕುಣಿಕೆ, ಸಡಿಲಿಸು, ಬಿಡಿಸು ಎಂಬ ನೇಯ್ಗೆಯವರ, ಒಕ್ಕಲಿಗರ ಮನೆಯ ಮಾತುಗಳು ಇಲ್ಲಿ ನಡೆಯುವ ಕ್ರಿಯೆಯನ್ನು ಇದ್ದಕ್ಕಿದ್ದಂತೆ ತೋರಿಸುತ್ತವೆ. ಹೆಸರು ಎರವಲಾದರೂ ಕ್ರಿಯಾಪದ ನಮ್ಮದಾಗಿದ್ದರೆ ಅರ್ಥ ತಾನಾಗಿ ಮನಸ್ಸಿಗೆ ಇಳಿಯುತ್ತದೆ.

ಮೂರನೆಯದು ಆಕ್ಷೇಪವಲ್ಲ, ಅತ್ಯುತ್ಸಾಹ. ಇವೆಲ್ಲ ನಮ್ಮ ಪೂರ್ವಿಕರಿಗೆ ತಿಳಿದೇ ಇತ್ತು ಎನ್ನುವವರು ಇದ್ದಾರೆ. ಬೇವಿನ ಕುಟುಂಬಕ್ಕೆ ಸೇರಿದ ಅಗ್ಲಾಯಿಯ ಎಂಬ ಮರಗಳಿವೆ. ಅವುಗಳಲ್ಲಿ ಒಂದು ಜಾತಿ ನಮ್ಮ ಪಶ್ಚಿಮಘಟ್ಟದ ಕಾಡುಗಳಲ್ಲಿಯೂ ಬೆಳೆಯುತ್ತದೆ. ಕಾವ್ಯಗಳಲ್ಲಿಯೂ ವೈದ್ಯಗ್ರಂಥಗಳಲ್ಲಿಯೂ ಬರುವ ಪ್ರಿಯಂಗು ಇದೇ ಎಂದು ಕೆಲವರ ಮತ. ಈ ಕುಲದ ಬೇರೊಂದು ಮರದಿಂದ ೧೯೮೨ರಲ್ಲಿ ಬೇರ್ಪಡಿಸಿದ ರೊಕಾಗ್ಲಮೈಡ್ ಎಂಬ ವಸ್ತು, ಇಐಎಫ್-೪ಎ ಹೆಲಿಕೇಸನ್ನು ಆರ್‌ಎನ್‌ಎಯ ಮೇಲೆಯೇ ಬಿಗಿದು ನಿಲ್ಲಿಸಿ ಪ್ರೋಟೀನು ತಯಾರಾಗದಂತೆ ತಡೆಯುತ್ತದೆ. ಕ್ಯಾನ್ಸರ್ ಕೋಶಗಳ ಅತಿಯಾದ ಬೆಳವಣಿಗೆಯನ್ನು ಹೀಗೆ ಹತ್ತಿಕ್ಕಬಹುದೆ ಎಂದು ಇಂತಹ ವಸ್ತುಗಳ ಪರೀಕ್ಷೆ ನಡೆದಿದೆ. ಪ್ರಿಯಂಗುವಿನ ಹೆಸರು ನಮ್ಮ ಗ್ರಂಥಗಳಲ್ಲಿದೆಯೆಂದು ಹೆಲಿಕೇಸಿನ ಜ್ಞಾನವೂ ಅಲ್ಲಿತ್ತೆನ್ನುವುದು ಪದಚ್ಛೇದ ತಪ್ಪಿದ ಓದು. ಪೂರ್ವಿಕರು ಬಲ್ಲುದನ್ನು ಗೌರವಿಸೋಣ. ಅವರು ಹೇಳದುದನ್ನು ಅವರ ಬಾಯಲ್ಲಿ ಇಡುವುದು ಬೇಡ.

ಇನ್ನು ಮಾಡತಕ್ಕುದೇನು? ೨೦೧೬ರಲ್ಲಿ ಆದ ವಿಕಲಚೇತನರ ಹಕ್ಕುಗಳ ಕಾಯಿದೆಯು ಬೌದ್ಧಿಕ ನ್ಯೂನತೆಯನ್ನೂ ಒಳಗೊಂಡಿದೆ. ನಿಗದಿತ ಪ್ರಮಾಣದ ನ್ಯೂನತೆಯುಳ್ಳ ೬ರಿಂದ ೧೮ ವರ್ಷದ ಮಗುವಿಗೆ ಹತ್ತಿರದ ಶಾಲೆಯಲ್ಲಿ ಅಥವಾ ತನಗೆ ಬೇಕಾದ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣ ಪಡೆಯುವ ಹಕ್ಕನ್ನು ಅದು ಕೊಟ್ಟಿದೆ. ಹಕ್ಕು ಕಾಗದದಲ್ಲಿದೆ, ಅದನ್ನು ಬಿಡಿಸಿ ಮಗುವಿನ ಕೈಗೆ ಕೊಡುವವರು ಬೇಕು. ನಮ್ಮಂತಹ ವಿದ್ಯಾಸಂಸ್ಥೆಗಳಿಗೆ ದಾನಿ ಮಹನೀಯರು ಕೊಠಡಿಗಳನ್ನು ಕಟ್ಟಿಸಿಕೊಟ್ಟಿದ್ದಾರೆ, ಅವರ ಔದಾರ್ಯಕ್ಕೆ ಗೋಡೆಯ ಶಿಲಾಫಲಕಗಳೇ ಸಾಕ್ಷಿ. ಅವರಲ್ಲಿ ನನ್ನದೊಂದು ಬಿನ್ನಹ: ಮುಂದಿನ ಕೊಠಡಿಗೆ ಮುಂಚೆ, ಮಾತಿನ ತರಬೇತಿ ಕೊಡಬಲ್ಲ ಒಬ್ಬ ಶಿಕ್ಷಕಿಯ ವೇತನದ ಭಾರವನ್ನು ಹೊರಲು ಮನಸ್ಸು ಮಾಡಬೇಕು. ಅದಕ್ಕೆ ಶಿಲಾಫಲಕ ಹಾಕಲಾಗುವುದಿಲ್ಲ. ಆದರೆ ಮಾತೇ ಬಾರದೆಂದುಕೊಂಡಿದ್ದ ಮಗುವೊಂದು ನೀರು ಬೇಕೆಂದು ಕೇಳುವಂತಾದರೆ ಅದು ಸಣ್ಣ ಕೀರ್ತಿಯಲ್ಲ. ವೈದ್ಯರಾಗಿರುವ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೆ ಒಂದು ದಿನ ಬಂದು ಉಪಾಧ್ಯಾಯರಿಗೂ ತಾಯ್ತಂದೆಗಳಿಗೂ ಕನ್ನಡದಲ್ಲಿ ಈ ವಿಷಯಗಳನ್ನು ತಿಳಿಯಹೇಳಬೇಕು. ನನ್ನ ಸಹೋದ್ಯೋಗಿಗಳು, ತಮ್ಮ ತರಗತಿಯ ಹಾಜರಿ ಪುಸ್ತಕದಲ್ಲಿ ಸದಾ ಕೊನೆಯ ಅಂಕ ಪಡೆಯುವ ಒಂದೊಂದು ಹೆಸರಿನ ಮುಂದೆ ನಿಂತು, ಈ ಮಗು ಏಕೆ ಕಲಿಯುತ್ತಿಲ್ಲವೆಂದು ಒಮ್ಮೆ ಸಮಾಧಾನದಿಂದ ಯೋಚಿಸಬೇಕು.

ಗಂಟು ಬಿದ್ದ ನೂಲನ್ನು ಜಗ್ಗಿದರೆ ಹರಿಯುತ್ತದೆಂಬುದನ್ನು ನೂಲುವವರೆಲ್ಲರೂ ಬಲ್ಲರು. ಎಲ್ಲಿ ಸಿಕ್ಕಿದೆಯೆಂದು ನೋಡಿ, ಉಗುರಿನ ತುದಿಯಿಂದ ಸಡಿಲಿಸಿ, ನಿಧಾನವಾಗಿ ಬಿಡಿಸಬೇಕು. ಮಕ್ಕಳ ವಿಷಯದಲ್ಲಿ ನಾವು ಎಷ್ಟೋ ಕಾಲ ಜಗ್ಗಿದ್ದಾಯಿತು. ಈ ವರ್ಷದ ಶಾಲೆ ತೆರೆಯುವ ಮುನ್ನ ನಮ್ಮ ಉಪಾಧ್ಯಾಯರ ಸಭೆಯಲ್ಲಿ ಈ ವಿಚಾರಕ್ಕೆ ಒಂದು ದಿನವನ್ನು ಮೀಸಲಿಡಬೇಕೆಂದು ಆಡಳಿತ ಮಂಡಳಿಯವರನ್ನು ಸವಿನಯವಾಗಿ ಪ್ರಾರ್ಥಿಸುತ್ತೇನೆ.